ಪದ ಪರಿಚಯ: ಸ್ಮಾಲ್ ಸೆಲ್, ಸ್ಕ್ವೇಮಸ್, ಅಡಿನೋ

ಪೆಥಾಲಜಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪಾಠ ಬಂದಾಗ ಬಹಳ ಮಂದಿ ಒಂದು ಟೇಬಲ್ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಆ ಸಾಲುಗಳೆಲ್ಲ ಕಲಸಿಹೋಗುತ್ತವೆ. ಎಸಿಟಿಎಚ್ ಎಂಬ ಹಾರ್ಮೋನ್ ಯಾವ ಬಗೆಯ ಗಡ್ಡೆಗೆ, ಪಿಟಿಎಚ್‌ಆರ್‌ಪಿ ಎಂಬ ಹಾರ್ಮೋನಿನಂಥ ಪ್ರೋಟೀನ್ ಯಾವುದಕ್ಕೆ? ಟೇಬಲ್ ಸ್ವಲ್ಪ ಬದಿಗಿಡಿ, ಹೆಸರನ್ನೇ ಹಿಡಿದು ಹೋಗೋಣ. ಈ ಗಡ್ಡೆಯ ಕೋಶಗಳು ದೇಹದ ಯಾವ ಕೋಶವನ್ನು ಹೋಲುತ್ತವೆ ಎಂದು ಕೇಳಿಕೊಳ್ಳಿ. ಅದು ಗೊತ್ತಾದರೆ ಉಳಿದದ್ದರಲ್ಲಿ ಮುಕ್ಕಾಲು ಪಾಲು ತಾನಾಗಿಯೇ ನೆನಪಿಗೆ ಬರುತ್ತದೆ.

ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 85 ‘ನಾನ್-ಸ್ಮಾಲ್ ಸೆಲ್’, ಶೇ 15 ‘ಸ್ಮಾಲ್ ಸೆಲ್’. ನಾನ್-ಸ್ಮಾಲ್ ಸೆಲ್ ಅನ್ನುವುದು ಒಂದೇ ರೋಗದ ಹೆಸರಲ್ಲ. ‘ಸ್ಮಾಲ್ ಸೆಲ್ ಅಲ್ಲದ್ದು’ ಅಂತಷ್ಟೇ ಅದರ ಅರ್ಥ. ಹೀಗೆ ಎರಡು ಪಾಲು ಮಾಡಿದ್ದು ಚಿಕಿತ್ಸೆಗಾಗಿ. ಸ್ಮಾಲ್ ಸೆಲ್ ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಬೇರೆ ಕಡೆಗೂ ಹರಡಿರುತ್ತದೆ. ಹಾಗಾಗಿ ಆಪರೇಷನ್ ಅಪರೂಪ. ಕೀಮೋ, ರೇಡಿಯೇಷನ್‌ಗೆ ಮೊದಲು ಚೆನ್ನಾಗಿ ಕರಗುತ್ತದೆ, ಆದರೆ ಹೆಚ್ಚಿನವರಲ್ಲಿ ಮತ್ತೆ ಬರುತ್ತದೆ.

ಈ ಸ್ಮಾಲ್ ಸೆಲ್‌ನ ಹಳೆಯ ಹೆಸರು ಓಟ್ ಸೆಲ್, ಅಂದರೆ ಓಟ್ಸ್ ಕಾಳಿನಂತೆ ಕಾಣುವ ಕೋಶ. ಸೈಟೋಪ್ಲಾಸಂ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ. ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ಒತ್ತಿಕೊಂಡು, ಪಕ್ಕದ್ದರ ಆಕಾರಕ್ಕೆ ಬಗ್ಗಿರುತ್ತವೆ. ಒಳಗಿನ ಕ್ರೊಮಾಟಿನ್ ಉಪ್ಪು, ಮೆಣಸಿನಪುಡಿ ಬೆರೆಸಿ ಉದುರಿಸಿದ ಹಾಗೆ. ಇದು ಹೋಲುವುದು ನ್ಯೂರೋಎಂಡೊಕ್ರೈನ್ ಕೋಶವನ್ನು, ಅಂದರೆ ನರದ ಗುಣವೂ ಹಾರ್ಮೋನ್ ಸುರಿಸುವ ಗುಣವೂ ಇರುವ ಕೋಶವನ್ನು. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಾರ್ಮೋನ್ ಸುರಿಸುತ್ತದೆ, ಅದಕ್ಕೇ ದೇಹದಲ್ಲಿ ನೀರು ಹಿಡಿದಿಡುವ ಎಡಿಎಚ್ ಜಾಸ್ತಿಯಾಗಿ ರಕ್ತದ ಸೋಡಿಯಂ ಇಳಿಯುತ್ತದೆ, ಎಸಿಟಿಎಚ್ ಜಾಸ್ತಿಯಾಗಿ ಕುಶಿಂಗ್, ಅಂದರೆ ಕಾರ್ಟಿಸಾಲ್ ಅತಿಯಾಗುವ ಕಾಯಿಲೆ ಬರುತ್ತದೆ. ಹೀಗೆ ಎಡಿಎಚ್ ಅತಿಯಾಗುವ ಸ್ಥಿತಿಯಾದ ಎಸ್‌ಐಎಡಿಎಚ್ ಅನ್ನು 1957ರಲ್ಲಿ ಮೊದಲು ವಿವರಿಸಿದ್ದೇ ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳಲ್ಲಿ. ಇನ್ನು ನರದ ಗುಣ. ನರದ ತುದಿಯಲ್ಲಿರುವಂಥ ಕ್ಯಾಲ್ಸಿಯಂ ಚಾನೆಲ್ ಈ ಗಡ್ಡೆಯ ಕೋಶಗಳ ಮೇಲೂ ಇರುತ್ತದೆ. ದೇಹ ಗಡ್ಡೆಯ ಮೇಲೆ ಆ್ಯಂಟಿಬಾಡಿ ತಯಾರಿಸುತ್ತದೆ, ಅದು ಹೋಗಿ ನರದ ಚಾನೆಲ್‌ಗೂ ಅಂಟುತ್ತದೆ. ಸ್ನಾಯು ಸೋಲುತ್ತದೆ. ಇದೇ ಲ್ಯಾಂಬರ್ಟ್-ಈಟನ್ ಎಂಬ ಕಾಯಿಲೆ. ಸ್ವಲ್ಪ ಹೊತ್ತು ಬಳಸಿದರೆ ಶಕ್ತಿ ಸುಧಾರಿಸುತ್ತದೆ. ಮಯಸ್ತೇನಿಯಾ ಎಂಬ ಇನ್ನೊಂದು ಸ್ನಾಯು ಸೋಲುವ ಕಾಯಿಲೆಯಲ್ಲಿ ಬಳಸಿದಷ್ಟೂ ಸೋಲುತ್ತದೆ, ಅಲ್ವಾ? ಪರೀಕ್ಷೆಯಲ್ಲಿ ಈ ವ್ಯತ್ಯಾಸವನ್ನು ಕೇಳದೆ ಬಿಡುವುದಿಲ್ಲ. ಸಿನಾಪ್ಟೊಫೈಸಿನ್, ಕ್ರೊಮೊಗ್ರಾನಿನ್, ಸಿಡಿ56 ಎಂಬ ಮಾರ್ಕರ್‌ಗಳೂ (ಲ್ಯಾಬಿನಲ್ಲಿ ಬಣ್ಣ ಹಾಕಿ ಗುರುತಿಸುವ ಪ್ರೋಟೀನ್‌ಗಳು) ಇದೇ ನ್ಯೂರೋಎಂಡೊಕ್ರೈನ್ ಗುಣದ ಗುರುತುಗಳು.

ಸ್ಕ್ವೇಮಸ್. ಲ್ಯಾಟಿನ್‌ನಲ್ಲಿ ‘ಸ್ಕ್ವಾಮಾ’ ಅಂದರೆ ಮೀನಿನ ಮೈಮೇಲಿರುವಂಥ ಹುರುಪೆ. ಚರ್ಮದಂಥ ಚಪ್ಪಟೆ ಕೋಶ ಅನ್ನಿ. ವಿಚಿತ್ರ ಏನೆಂದರೆ, ಆರೋಗ್ಯವಂತರ ಶ್ವಾಸನಾಳದ ಒಳಪದರದಲ್ಲಿ ಇಂಥ ಕೋಶ ಇರುವುದೇ ಇಲ್ಲ. ಅಲ್ಲಿರುವುದು ರೋಮವಿರುವ ಎತ್ತರದ ಕೋಶ. ವರ್ಷಗಟ್ಟಲೆ ಬೀಡಿ, ಸಿಗರೇಟಿನ ಹೊಗೆ ತಗುಲಿ ಅದು ಚಪ್ಪಟೆಯಾಗುತ್ತದೆ, ಮುಂದೆ ಕೆಡುತ್ತದೆ. ದೊಡ್ಡ ನಾಳಗಳಲ್ಲಿ ಇದು ನಡೆಯುವುದರಿಂದ ಗಡ್ಡೆ ಮಧ್ಯಭಾಗದಲ್ಲಿ. ಚರ್ಮದಂತೆ ಕೆರಾಟಿನ್ ಮಾಡುತ್ತದೆ, ಮೈಕ್ರೋಸ್ಕೋಪಿನಲ್ಲಿ ಅದು ಮುತ್ತುಗಳಂತೆ ಕಾಣುತ್ತದೆ. ಕೋಶಗಳ ನಡುವೆ ಸೇತುವೆಗಳೂ ಕಾಣುತ್ತವೆ. ನಮ್ಮ ಚರ್ಮದ ಕೋಶಗಳು ಸಹಜವಾಗಿಯೇ ಪಿಟಿಎಚ್‌ಆರ್‌ಪಿ ತಯಾರಿಸುತ್ತವೆ. ಚರ್ಮವನ್ನು ಹೋಲುವ ಗಡ್ಡೆಯೂ ಅದನ್ನೇ ಮಾಡಿ ಕ್ಯಾಲ್ಸಿಯಂ ಏರಿಸುತ್ತದೆ ಎಂದು ನೆನಪಿಟ್ಟರೆ ಮರೆಯುವುದಿಲ್ಲ. ಮಾರ್ಕರ್ ಪಿ40. ಗಡ್ಡೆಯ ನಡುವೆ ಕೊಳೆತು ಗುಹೆಯಂತೆ ಟೊಳ್ಳಾಗುವುದೂ ಇದರಲ್ಲೇ ಜಾಸ್ತಿ. ನಮ್ಮಲ್ಲಿ ಎಕ್ಸ್-ರೇಯಲ್ಲಿ ಟೊಳ್ಳು ಕಂಡರೆ ಮೊದಲು ಟಿಬಿ ನೆನಪಾಗುತ್ತದೆ, ಅದು ಸರಿಯೇ. ಆದರೆ ಕಫದಲ್ಲಿ ಟಿಬಿ ಸಿಗದ, ತುಂಬಾ ವರ್ಷ ಬೀಡಿ ಸೇದಿದ ವಯಸ್ಸಾದವರಲ್ಲಿ ಇದನ್ನು ಮರೆಯಬಾರದು.

ಹೊಗೆಯ ನಂಟು ಗಟ್ಟಿಯಾಗಿರುವ, ಮಧ್ಯಭಾಗದಲ್ಲಿ ಬರುವ ಎರಡು ಬಗೆಗಳನ್ನು ನೆನಪಿಡಲು ಒಂದು ಸಣ್ಣ ಉಪಾಯ. ಸ್ಕ್ವೇಮಸ್, ಸ್ಮಾಲ್ ಸೆಲ್, ಸ್ಮೋಕಿಂಗ್, ಸೆಂಟ್ರಲ್. ಇಂಗ್ಲಿಷಿನಲ್ಲಿ ಕೊನೆಯದರ ಅಕ್ಷರ ಬೇರೆ. ಕನ್ನಡದಲ್ಲಿ ಬರೆದುಕೊಂಡರೆ ನಾಲ್ಕಕ್ಕೂ ‘ಸ’ ಬರುತ್ತದೆ!

ಅಡಿನೋ ಅಂದರೆ ಗ್ರಂಥಿ. ಗ್ರಂಥಿಯಂತೆ ಸುತ್ತು ಕಟ್ಟುತ್ತದೆ, ಇಲ್ಲವೇ ಲೋಳೆ ಮಾಡುತ್ತದೆ. ಇರುವುದು ಶ್ವಾಸಕೋಶದ ಅಂಚಿನಲ್ಲಿ. ಇಂದು ಎಲ್ಲಕ್ಕಿಂತ ಸಾಮಾನ್ಯವಾದ ಬಗೆ ಇದೇ. ಬೀಡಿ, ಸಿಗರೇಟು ಮುಟ್ಟದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದರೂ ಹೆಚ್ಚಾಗಿ ಇದೇ. ‘ಅವರು ಸೇದುತ್ತಿರಲಿಲ್ಲವಲ್ಲ’ ಎಂದು ಮನೆಯವರು ಕಣ್ಣೀರಿಟ್ಟು ಕೇಳುವುದು ಇಂಥ ರೋಗಿಗಳ ಬಗ್ಗೆ. ಗಡ್ಡೆಗೆ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಪರೀಕ್ಷೆ ಮಾಡಿಸುವುದು ಇಲ್ಲಿ ತುಂಬಾ ಮುಖ್ಯ. 2004ರಲ್ಲಿ ಇಜಿಎಫ್‌ಆರ್ ಬದಲಾವಣೆ ಪತ್ತೆಯಾದ ಮೇಲೆ, ಅದು ಇದ್ದವರಿಗೆ ಗುರಿಯಿಟ್ಟ ಮಾತ್ರೆ ಕೊಡುವ ದಾರಿ ತೆರೆಯಿತು. ಸುಮ್ನೆ ‘ನಾನ್-ಸ್ಮಾಲ್ ಸೆಲ್’ ಎಂದು ವರದಿ ಬರೆದು ನಿಲ್ಲಿಸುವ ಕಾಲ ಆಗ ಮುಗಿಯಿತು. ಪೆಮೆಟ್ರೆಕ್ಸೆಡ್ ಔಷಧ ಅಡಿನೋಗೆ ಕೊಡುತ್ತಾರೆ, ಸ್ಕ್ವೇಮಸ್‌ಗೆ ಕೊಡುವುದಿಲ್ಲ. ಬೆವಾಸಿಝುಮ್ಯಾಬ್ ಅನ್ನು ಸ್ಕ್ವೇಮಸ್‌ಗೆ ಕೊಟ್ಟರೆ ಶ್ವಾಸಕೋಶದಲ್ಲಿ ಜೀವಕ್ಕೇ ಅಪಾಯವಾಗುವಂಥ ರಕ್ತಸ್ರಾವ ಆಗಬಹುದು. ಹೆಸರು ತಪ್ಪಿದರೆ ರೋಗಿಗೆ ತೊಂದರೆ. ಅಡಿನೋದ ಮಾರ್ಕರ್ ಟಿಟಿಎಫ್-1, ನ್ಯಾಪ್ಸಿನ್ ಎ. ಆದರೆ ಟಿಟಿಎಫ್-1 ಬಹಳಷ್ಟು ಸ್ಮಾಲ್ ಸೆಲ್‌ಗಳಲ್ಲೂ ಪಾಸಿಟಿವ್ ಬರುತ್ತದೆ. ಅದೊಂದನ್ನೇ ನೋಡಿ ಉತ್ತರ ಗುರುತು ಹಾಕಬೇಡಿ.

ಲಾರ್ಜ್ ಸೆಲ್ ಯಾವುದನ್ನೂ ಹೋಲದ ಬಗೆ. ಗ್ರಂಥಿಯಿಲ್ಲ, ಕೆರಾಟಿನ್ ಇಲ್ಲ, ನ್ಯೂರೋಎಂಡೊಕ್ರೈನ್ ಗುರುತೂ ಇಲ್ಲ. ಎಲ್ಲ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು. ಅದಕ್ಕೇ ಸಣ್ಣ ಬಯಾಪ್ಸಿ ತುಣುಕು ನೋಡಿ ಇದನ್ನು ಹೇಳಬಾರದು, ತೆಗೆದ ಗಡ್ಡೆಯನ್ನು ಪೂರ್ತಿ ನೋಡಬೇಕು.

ಇನ್ನು ಪ್ಯಾಂಕೋಸ್ಟ್. ಇದನ್ನೂ ಒಂದು ಬಗೆ ಎಂದುಕೊಂಡು ತಪ್ಪು ಮಾಡುವವರು ಬಹಳ. ಇದು ಜಾಗದ ಹೆಸರು. ಶ್ವಾಸಕೋಶದ ತುತ್ತತುದಿಯಲ್ಲಿ ಬೆಳೆದ ಯಾವ ಕ್ಯಾನ್ಸರ್‌ಗೂ ಈ ಹೆಸರು, ಹೆಚ್ಚಿನವು ನಾನ್-ಸ್ಮಾಲ್ ಸೆಲ್. ಅಮೆರಿಕದ ರೇಡಿಯಾಲಜಿಸ್ಟ್ ಹೆನ್ರಿ ಪ್ಯಾಂಕೋಸ್ಟ್ ವಿವರಿಸಿದ್ದರಿಂದ ಅವರ ಹೆಸರೇ ಉಳಿಯಿತು. ಗಡ್ಡೆ ಅಲ್ಲಿಂದ ಸಿಂಪಥೆಟಿಕ್ ನರ ಹಿಡಿದರೆ ಹಾರ್ನರ್: ರೆಪ್ಪೆ ಇಳಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಆ ಬದಿಯ ಮುಖ ಬೆವರುವುದಿಲ್ಲ. ತೋಳಿಗೆ ಹೋಗುವ ನರಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ನ ಕೆಳಭಾಗ ಹಿಡಿದರೆ ಭುಜದಿಂದ ಕಿರುಬೆರಳಿನವರೆಗೆ ನೋವು. ಕೆಮ್ಮು ಇಲ್ಲದೆಯೂ ಇರಬಹುದು. ಹಾಗಾಗಿ ಇಂಥ ರೋಗಿ ಮೊದಲು ಹೋಗುವುದು ಮೂಳೆ ಡಾಕ್ಟರ ಹತ್ತಿರ. ಭುಜದ ಎಕ್ಸ್-ರೇ ಕೈಗೆ ಬಂದಾಗ, ಮೂಲೆಯಲ್ಲಿ ಕಾಣುವ ಶ್ವಾಸಕೋಶದ ತುದಿಯನ್ನೂ ಒಮ್ಮೆ ನೋಡಿ.