ಕೊರೆದ ನಂತರದ ಅಳತೆ: ಫ್ರ್ಯಾಕಿಂಗ್ ವಿವಾದ ಬೆಳೆದು ಬಂದ ಬಗೆ

ನೈಸರ್ಗಿಕ ಅನಿಲಕ್ಕಾಗಿ ನೆಲದಾಳದ ಶೇಲ್ ಬಂಡೆಯನ್ನು ಬಿರಿಸುವ ಫ್ರ್ಯಾಕಿಂಗ್ ಕುಡಿಯುವ ನೀರನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಹೌದು, ಇಲ್ಲ ಎಂಬ ಎರಡೂ ಉತ್ತರಗಳಿವೆ, ಮತ್ತು ಎರಡಕ್ಕೂ ಸರ್ಕಾರಿ ವರದಿಗಳನ್ನೇ ಆಧಾರವಾಗಿ ತೋರಿಸಲಾಗುತ್ತದೆ.

1947ರಲ್ಲಿ ಕ್ಯಾನ್ಸಸ್‌ನ ಹ್ಯೂಗೊಟನ್ ಅನಿಲ ಕ್ಷೇತ್ರದಲ್ಲಿ ಪ್ರಯೋಗವಾಗಿ ಶುರುವಾದ ಈ ವಿಧಾನ, 1990ರ ದಶಕದ ಕೊನೆಯಲ್ಲಿ ಉದ್ಯಮಿ ಜಾರ್ಜ್ ಮಿಚೆಲ್ ಅವರ ಕಂಪನಿ ಟೆಕ್ಸಸ್‌ನ ಬಾರ್ನೆಟ್ ಶೇಲ್‌ನಲ್ಲಿ ಯಶಸ್ಸು ಕಂಡ ಮೇಲೆ ಉದ್ಯಮವಾಗಿ ಬೆಳೆಯಿತು. ಎರಡು–ಮೂರು ಕಿಲೋಮೀಟರ್ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಲಾಗಿ ಸಾಗಿ, ಮರಳು ಮತ್ತು ರಾಸಾಯನಿಕ ಬೆರೆಸಿದ ನೀರನ್ನು ಭಾರಿ ಒತ್ತಡದಲ್ಲಿ ನುಗ್ಗಿಸಲಾಗುತ್ತದೆ. ಒಂದು ಬಾವಿಗೆ ಕೋಟಿಗಟ್ಟಲೆ ಲೀಟರ್ ನೀರು ಬೇಕಾಗುವುದೂ ಉಂಟು.

2004ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ಕುಡಿಯುವ ನೀರಿಗೆ ಇದರಿಂದ ಹೆಚ್ಚಿನ ಅಪಾಯವಿಲ್ಲ ಎಂದಿತು. ಆ ಅಧ್ಯಯನ ನಡೆದದ್ದು ಕಲ್ಲಿದ್ದಲು ಪದರದ ಅನಿಲದ ಬಗ್ಗೆ, ಶೇಲ್ ಬಗ್ಗೆ ಅಲ್ಲ. ಆದರೂ ಮರುವರ್ಷದ ಇಂಧನ ಕಾಯ್ದೆಯು ಡೀಸೆಲ್ ಬಳಸದ ಫ್ರ್ಯಾಕಿಂಗ್ ಅನ್ನು ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯ ಭೂಗತ ಇಂಜೆಕ್ಷನ್ ನಿಯಮಗಳಿಂದ, ಅಂದರೆ ನೆಲದಾಳಕ್ಕೆ ದ್ರವ ನುಗ್ಗಿಸುವುದನ್ನು ನಿಯಂತ್ರಿಸುವ ನಿಯಮಗಳಿಂದ, ಹೊರಗಿಟ್ಟಿತು. ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಶೇಲ್‌ನತ್ತ ಯಂತ್ರಗಳು ಹೊರಟದ್ದೂ ಸರಿಸುಮಾರು ಅದೇ ಕಾಲದಲ್ಲಿ.

2009ರ ಜನವರಿ 1ರಂದು ಆ ರಾಜ್ಯದ ಡಿಮಾಕ್‌ನಲ್ಲಿ ಮನೆಯೊಂದರ ಕುಡಿಯುವ ನೀರಿನ ಬಾವಿ ಸ್ಫೋಟಿಸಿ, ಅದರ ಮೇಲಿದ್ದ ಕಾಂಕ್ರೀಟ್ ಚಪ್ಪಡಿ ಒಡೆದುಹೋಯಿತು. ಒಳಗೆ ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್ ತುಂಬಿಕೊಂಡಿತ್ತು. ಅನಿಲಬಾವಿಗಳಿಂದಲೇ ಅದು ಸೋರಿ ಬಂದಿದೆ ಎಂದು ರಾಜ್ಯದ ತನಿಖೆ ಹೇಳಿತು. ಅಲ್ಲಿನ ಅಂತರ್ಜಲದಲ್ಲಿ ಮೀಥೇನ್ ಮೊದಲಿನಿಂದಲೂ ಇದೆ ಎಂಬ ಪ್ರತಿವಾದವೂ ಬಂತು. ಇಂಥ ಪ್ರಕರಣಗಳಲ್ಲಿ ಅನಿಲ ಆಳದ ಬಿರುಕುಗಳಿಂದ ಮೇಲೇರುವುದಕ್ಕಿಂತ, ಕೊಳವೆಯ ಸುತ್ತ ಹಾಕಿದ ಸಿಮೆಂಟ್ ಸರಿಯಾಗಿ ಕೂರದೆ ಉಳಿದ ಸಂದಿಯಿಂದ ಜಲಪದರಕ್ಕೆ ನುಸುಳುವ ಸಾಧ್ಯತೆಯೇ ಹೆಚ್ಚು. ಹೀಗಾಗಿ ‘ಬಂಡೆ ಬಿರಿಸಿದ್ದರಿಂದ ನೀರು ಕೆಟ್ಟಿಲ್ಲ’ ಎಂಬ ಮಾತು ತಾಂತ್ರಿಕವಾಗಿ ನಿಜವೇ ಆಗಿರಬಹುದು; ನಲ್ಲಿ ತಿರುಗಿಸುವವರಿಗೆ ಅದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಅನಿಲಬಾವಿಯಿಂದ ಮರಳಿ ಬರುವ ಉಪ್ಪುನೀರಿನಲ್ಲಿ ಬ್ರೋಮೈಡ್ ಎಂಬ ಲವಣ, ವಿಕಿರಣಶೀಲ ರೇಡಿಯಂ ಇರುತ್ತವೆ. ಇದನ್ನು ಕೆಲಕಾಲ ಪುರಸಭೆಗಳ ಕೊಳಚೆನೀರು ಸಂಸ್ಕರಣಾ ಘಟಕಗಳಿಗೂ ಕಳಿಸಲಾಗುತ್ತಿತ್ತು. ಲವಣ ತೆಗೆಯಲೆಂದು ಕಟ್ಟಿದ ಘಟಕಗಳು ಅವಲ್ಲವಾದ್ದರಿಂದ ಬ್ರೋಮೈಡ್ ನದಿ ಸೇರುತ್ತಿತ್ತು, ಮತ್ತು ಕೆಳಗಿನ ಊರುಗಳಲ್ಲಿ ಆ ನೀರಿಗೆ ಕ್ಲೋರಿನ್ ಹಾಕಿದಾಗ ಹಾನಿಕರ ಟ್ರೈಹ್ಯಾಲೊಮೀಥೇನ್‌ಗಳು ಹೆಚ್ಚುವ ಆತಂಕವಿತ್ತು. ಇದನ್ನು ನಿಲ್ಲಿಸುವಂತೆ ಪೆನ್ಸಿಲ್ವೇನಿಯಾ ಸರ್ಕಾರ 2011ರಲ್ಲಿ ಕಂಪನಿಗಳನ್ನು ಕೇಳಿಕೊಂಡಿತು. ಕೇಂದ್ರದ ನಿಷೇಧ ಬಂದದ್ದು 2016ರಲ್ಲಿ. ಒಕ್ಲಹೋಮದಲ್ಲಿ ತೈಲ–ಅನಿಲ ಬಾವಿಗಳ ತ್ಯಾಜ್ಯನೀರನ್ನು ಆಳಕ್ಕೆ ಇಳಿಸುವ ಪರಿಪಾಠದ ಫಲವಾಗಿ ಭೂಕಂಪಗಳು ಹೆಚ್ಚಿದವು. 2016ರಲ್ಲಿ ಪಾನಿ ಪಟ್ಟಣದ ಬಳಿ 5.8 ತೀವ್ರತೆಯ ಕಂಪನ ದಾಖಲಾಯಿತು.

ನೀರಿಗೆ ‘ವ್ಯಾಪಕ, ವ್ಯವಸ್ಥಿತ’ ಹಾನಿಯಾದ ಪುರಾವೆ ಸಿಕ್ಕಿಲ್ಲ ಎಂದು ಇಪಿಎ 2015ರ ಕರಡಿನಲ್ಲಿ ಬರೆಯಿತು. 2016ರ ಅಂತಿಮ ವರದಿಯಲ್ಲಿ ಆ ವಾಕ್ಯವಿರಲಿಲ್ಲ. ಕೆಲವು ಸಂದರ್ಭಗಳಲ್ಲಿ ಹಾನಿಯಾಗಬಲ್ಲದು, ರಾಷ್ಟ್ರಮಟ್ಟದಲ್ಲಿ ಅಂದಾಜಿಸುವಷ್ಟು ಮಾಹಿತಿ ಇಲ್ಲ ಎಂದಿತ್ತು. ಎರಡೂ ಕಡೆಯವರು ಇಂದಿಗೂ ತಮಗೊಪ್ಪುವ ಪ್ರತಿಯನ್ನೇ ಉಲ್ಲೇಖಿಸುತ್ತಾರೆ.

ಆರೋಗ್ಯದ ಅಂಕಿಅಂಶ ಇನ್ನೂ ತಡವಾಗಿ ಬಂತು. ಪೆನ್ಸಿಲ್ವೇನಿಯಾದ 11 ಲಕ್ಷಕ್ಕೂ ಹೆಚ್ಚು ಜನನ ದಾಖಲೆಗಳನ್ನು ಪರಿಶೀಲಿಸಿದ 2017ರ ಅಧ್ಯಯನವು, ಫ್ರ್ಯಾಕಿಂಗ್ ಬಾವಿಯ ಒಂದು ಕಿಲೋಮೀಟರ್ ಒಳಗೆ ವಾಸಿಸುವ ತಾಯಂದಿರಿಗೆ ಕಡಿಮೆ ತೂಕದ ಮಗು ಹುಟ್ಟುವ ಸಂಭವ ಶೇ 25ರಷ್ಟು ಹೆಚ್ಚು ಎಂದಿತು. ಫ್ರಾನ್ಸ್ 2011ರಲ್ಲೇ ಫ್ರ್ಯಾಕಿಂಗ್ ಅನ್ನು ನಿಷೇಧಿಸಿತ್ತು. ನ್ಯೂಯಾರ್ಕ್ ರಾಜ್ಯ 2014ರಲ್ಲಿ ನಿಷೇಧದ ನಿರ್ಧಾರ ಪ್ರಕಟಿಸಿತು.

ಪೆನ್ಸಿಲ್ವೇನಿಯಾ 2012ರಲ್ಲಿ ತನ್ನ ಕಾನೂನನ್ನು ಬಿಗಿಗೊಳಿಸಿತು. ಶೇಲ್ ಅನಿಲಬಾವಿಯಿಂದ 2,500 ಅಡಿಯೊಳಗಿನ ನೀರು ಕೊರೆತ ಮುಗಿದ ಒಂದು ವರ್ಷದೊಳಗೆ ಕೆಟ್ಟರೆ ಹೊಣೆ ಕೊರೆದವರದೆಂದೇ ಭಾವಿಸಬೇಕು. ಮೊದಲೇ ಕೆಟ್ಟಿತ್ತೆಂದು ಸಾಧಿಸಲು ಕೊರೆಯುವ ಮುನ್ನಿನ ನೀರಿನ ಪರೀಕ್ಷೆಯ ಫಲಿತಾಂಶ ಬೇಕು. ಆ ವೇಳೆಗೆ ಮಾರ್ಸೆಲಸ್‌ನಲ್ಲಿ ಸಾವಿರಾರು ಬಾವಿಗಳನ್ನು ಕೊರೆದಾಗಿತ್ತು.