ಪೆಟ್ಟಿಗೆಯಲ್ಲಿ ಬಂದ 350

ನಮ್ಮ ಕಡೆ 350 ಅಂದರೆ ಬುಲೆಟ್. ಅಮೆರಿಕದ ಮಿಷಿಗನ್‌ನಲ್ಲಿ ಅದೇ ಸಂಖ್ಯೆ ಹೇಳಿದರೂ ವಯಸ್ಸಾದವರ ಕಣ್ಣು ಅರಳುತ್ತದೆ. ಆದರೆ ಅವರ ತಲೆಯಲ್ಲಿ ಓಡುವುದು ಬೈಕ್ ಅಲ್ಲ, ಶೆವ್ರೊಲೆಯ ವಿ-8 ಎಂಜಿನ್. ಬುಲೆಟ್‌ನದು ಸಿಸಿ ಲೆಕ್ಕ, ಅವರದು ಘನ ಅಂಗುಲದ ಲೆಕ್ಕ. ಒಂದು ಘನ ಅಂಗುಲಕ್ಕೆ 16.4 ಸಿಸಿ. ಗುಣಿಸಿದರೆ 5,700 ಸಿಸಿ ದಾಟುತ್ತದೆ. ಎಂಟು ಸಿಲಿಂಡರ್‌ಗೆ ಹಂಚಿದರೆ ಒಂದೊಂದಕ್ಕೂ ಸುಮಾರು 717 ಸಿಸಿ. ಹಳೆಯ ಮಾರುತಿ 800ರ ಇಡೀ ಎಂಜಿನ್ 796 ಸಿಸಿ ಇತ್ತು. ಅಂದರೆ ಒಂದೇ ಬಾನೆಟ್ ಕೆಳಗೆ ಏಳು ಮಾರುತಿ ತುರುಕಿದ ಹಾಗಾಯ್ತು.

ಇಲ್ಲಿ ಅಮೆರಿಕದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರ ಬಳಿ 1969ರ ಶೆವ್ರೊಲೆ ಕಮಾರೊ ಕಾರು ಇದೆ. ಅದರಲ್ಲಿರುವುದು ಇದೇ 350. ಇಂಥವನ್ನು ಮಸಲ್ ಕಾರ್ ಅನ್ನುತ್ತಾರೆ. ಸಾಧಾರಣ ಗಾತ್ರದ ಎರಡು ಬಾಗಿಲಿನ ಕಾರು, ಮೈಗೆ ಮೀರಿದ ಎಂಜಿನ್, ಹುಡುಗರ ಕೈಗೆ ಎಟುಕುವ ಬೆಲೆ. 1964ರಲ್ಲಿ ಪಾಂಟಿಯಾಕ್ ಜಿಟಿಒ ಈ ಹುಚ್ಚು ಹತ್ತಿಸಿತು. ಹತ್ತು ವರ್ಷದೊಳಗೆ ದುಬಾರಿ ವಿಮೆ, ಹೊಗೆಯ ಕಾನೂನು, 1973ರ ತೈಲ ಬಿಕ್ಕಟ್ಟು ಎಲ್ಲ ಸೇರಿ ಆ ಜಾತ್ರೆ ಮುಗಿಸಿದವು. ಕಾರುಗಳು ಮಾತ್ರ ಗ್ಯಾರೇಜುಗಳಲ್ಲಿ ಉಳಿದುಕೊಂಡವು.

ಯಜಮಾನರ ಎಂಜಿನ್ ಒಂದು ದಿನ ಕೆಳಗಿನಿಂದ ಟಕಟಕ ಸದ್ದು ಶುರು ಮಾಡಿತು. ಬೇರಿಂಗ್ ಹೋಗಿತ್ತು. ಇಳಿಸಿ ಬಿಚ್ಚಿ ನೋಡಿದರೆ ಇನ್ನೊಂದು ಸಂಕಟ. ಸಿಲಿಂಡರ್‌ಗಳನ್ನು ಹಿಂದೆ ಯಾರೋ 60 ಓವರ್‌ಸೈಜ್‌ಗೆ ಬೋರ್ ಮಾಡಿಸಿದ್ದರು, ಅಂದರೆ ಕೊರೆದು ಅಗಲ ಮಾಡಿಸಿದ್ದರು. 60 ಅಂದರೆ ಅಂಗುಲದ ಸಾವಿರದಲ್ಲಿ 60 ಪಾಲು, ಒಂದೂವರೆ ಮಿಲಿಮೀಟರ್. ಇಷ್ಟೇನಾ ಅನಿಸಬಹುದು. ಆದರೆ ಸಿಲಿಂಡರ್ ಗೋಡೆಯ ಆಚೆ ನೀರು ಹರಿಯುತ್ತಿರುತ್ತದೆ. ಪ್ರತಿ ಸಲ ಬೋರ್ ಮಾಡಿದಾಗಲೂ ಆ ಗೋಡೆ ತೆಳುವಾಗುತ್ತದೆ. ಒಂದು ಹಂತ ದಾಟಿದರೆ ಬಿಸಿಗೆ ಬಾಗುತ್ತದೆ, ಬಿರುಕು ಬಿಡುತ್ತದೆ. ಲೇತ್ ಅಂಗಡಿಯವರು ಕೈ ಅಲ್ಲಾಡಿಸಿಬಿಟ್ಟರು.

ಆಗ ಯಜಮಾನರು ಕ್ರೇಟ್ ಎಂಜಿನ್ ತರಿಸಲು ಹೊರಟರು. ಟೊಮೆಟೊ ಕ್ರೇಟ್ ಅಂತೀವಲ್ಲ, ಅದೇ ಕ್ರೇಟ್. ಮರದ ಪೆಟ್ಟಿಗೆಯಲ್ಲಿ ಹೊಚ್ಚ ಹೊಸ ಎಂಜಿನ್ ಮನೆ ಬಾಗಿಲಿಗೆ ಬರುತ್ತದೆ. ಬರೀ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಇದ್ದರೆ ಶಾರ್ಟ್ ಬ್ಲಾಕ್, ನಮ್ಮ ಮೆಕ್ಯಾನಿಕ್‌ಗಳು ಹಾಫ್ ಎಂಜಿನ್ ಅನ್ನುತ್ತಾರಲ್ಲ, ಅದು. ಹೆಡ್, ಕ್ಯಾಮ್ ಎಲ್ಲ ಸೇರಿದರೆ ಲಾಂಗ್ ಬ್ಲಾಕ್. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್‌ವರೆಗೂ ಜೋಡಿಸಿ ಕೊಡುವುದೂ ಉಂಟು. ರೀಕಂಡಿಷನ್ ಮಾಡಿದ್ದು ಇನ್ನೂ ಅಗ್ಗ. ಆದರೆ ಅದಕ್ಕೆ ಸಾಮಾನ್ಯವಾಗಿ ಹಳೆಯ ಎಂಜಿನ್ ವಾಪಸ್ ಕೊಡಬೇಕು, ಇಲ್ಲವೇ ಅದರ ಬಾಬ್ತು ಕಟ್ಟಬೇಕು. ಯಜಮಾನರು ಹಳೆಯದನ್ನು ಬಿಟ್ಟುಕೊಡಲು ಸುತರಾಂ ಒಪ್ಪಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಐವತ್ತು ದಾಟಿದ ಕಾರಿಗೆ ಇವತ್ತು ಹೊಸ ಎಂಜಿನ್ ಸಿಗುವುದಾದರೂ ಹೇಗೆ? 1980ರ ದಶಕದ ಯಾವುದಾದರೂ ಕಾರಿಗೆ ಹೊಸ ಎಂಜಿನ್ ಕೊಡಿ ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಅಂಗಡಿಯವರು ಟೀ ಕುಡಿಸಿ ಕಳಿಸುತ್ತಾರೆ. ಇದಕ್ಕೆ ಉತ್ತರ ಒಂದು ಅಳತೆಯಲ್ಲಿದೆ: 4.4 ಅಂಗುಲ.

ಶೆವ್ರೊಲೆ 1955ರಲ್ಲಿ 265 ಘನ ಅಂಗುಲದ ಪುಟ್ಟ ವಿ-8 ತಂದಿತು. ಎಡ್ ಕೋಲ್ ಎಂಬ ಎಂಜಿನಿಯರ್ ಮುಂದಾಳತ್ವದಲ್ಲಿ ತಯಾರಾದದ್ದು. ಅದರಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ನಡುಬಿಂದುವಿನ ಅಂತರ 4.4 ಅಂಗುಲ. ಎಂಜಿನ್‌ನ ಉದ್ದ, ಕ್ರ್ಯಾಂಕ್‌ನ ಉದ್ದ, ಹೆಡ್‌ನ ಬೋಲ್ಟ್ ಜಾಗ, ಎಲ್ಲಕ್ಕೂ ಅದೇ ಬುನಾದಿ. ಕಾರ್ಖಾನೆಯ ಯಂತ್ರಗಳೂ ಆ ಅಂತರಕ್ಕೇ ತೂತು ಕೊರೆಯುವಂತೆ ತಯಾರಾಗಿದ್ದವು. ಅದನ್ನು ಬದಲಿಸಿದರೆ ಇಡೀ ಸಾಲನ್ನೇ ಬದಲಿಸಬೇಕು. ಹಾಗಾಗಿ ಬೋರ್, ಅಂದರೆ ಸಿಲಿಂಡರ್‌ನ ಅಗಲ, ದೊಡ್ಡದಾಯಿತು, ಪಿಸ್ಟನ್ ಓಡಾಡುವ ಸ್ಟ್ರೋಕ್ ಉದ್ದವಾಯಿತು, 4.4 ಮಾತ್ರ ಕದಲಲಿಲ್ಲ. 1967ರ ಕಮಾರೊ ಜೊತೆ 350 ಬಂತು, 4 ಅಂಗುಲ ಬೋರ್, 3.48 ಅಂಗುಲ ಸ್ಟ್ರೋಕ್. 1997ರಲ್ಲಿ ಪೂರ್ತಿ ಹೊಸದಾಗಿ ವಿನ್ಯಾಸ ಮಾಡಿದ ಎಲ್‌ಎಸ್ ಎಂಜಿನ್ ಬಂದಾಗಲೂ ಅದೇ 4.4. 2011ರ ನವೆಂಬರ್‌ನಲ್ಲಿ ಈ ಕುಟುಂಬದ ಹತ್ತು ಕೋಟಿಯನೇ ಎಂಜಿನ್ ಹೊರಬಂತು. ಇಷ್ಟು ದೊಡ್ಡ ಬಳಗ ಇದ್ದರೆ ಗ್ಯಾಸ್ಕೆಟ್ ಮಾಡುವವನಿಗೂ ಕೆಲಸ, ಪಿಸ್ಟನ್ ಮಾಡುವವನಿಗೂ ಕೆಲಸ. ಬಿಡಿಭಾಗ ಸಿಗುವವರೆಗೆ ಎಂಜಿನ್ ಸಾಯುವುದಿಲ್ಲ.

ಪೆಟ್ಟಿಗೆ ಒಂದು ಶನಿವಾರ ಬಂತು. ಕಬ್ಬಿಣದ 350 ಸುಮಾರು 260 ಕೆಜಿ ತೂಗುತ್ತದೆ. ಮೇಲಿನ ಹಲಗೆ ತೆಗೆದು ಪ್ಲಾಸ್ಟಿಕ್ ಸರಿಸಿದರೆ ಕಿತ್ತಳೆ ಬಣ್ಣದ ಬ್ಲಾಕ್, ತೂತುಗಳಿಗೆಲ್ಲ ಟೇಪ್. ಹೊರಗಿನಿಂದ ನೋಡಿದರೆ ಹಳೆಯದರ ಅವಳಿ. ಆದರೆ ಒಳಗೆ ಇರುವುದು ನಕಲಲ್ಲ. ಎರಡು ಕಡೆ ಮುಖ್ಯವಾದ ಬದಲಾವಣೆ ಆಗಿದೆ. ತಮಾಷೆಯೆಂದರೆ ಎರಡಕ್ಕೂ ಕಾರಣ ಆ ಕಾರಿನಲ್ಲಿ ಇಲ್ಲವೇ ಇಲ್ಲದ ಒಂದು ಭಾಗ.

ಮೊದಲನೆಯದು ವಾಲ್ವ್ ಸೀಟ್, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಜಾಗ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಂಡದಷ್ಟು ಬಿಸಿ ಇರುತ್ತದೆ. ಪ್ರತಿ ನಿಮಿಷ ಸಾವಿರಾರು ಸಲ ಸೀಟಿಗೆ ಬಡಿಯುತ್ತದೆ. ಬಿಸಿ ಲೋಹಕ್ಕೆ ಬಿಸಿ ಲೋಹ ಒತ್ತಿದಾಗ ಚೂರುಚೂರು ಜಾಗದಲ್ಲಿ ಅಂಟಿಕೊಳ್ಳುತ್ತವೆ. ವಾಲ್ವ್ ಮೇಲೆದ್ದಾಗ ಸೀಟಿನ ಕಣಗಳನ್ನು ಕಿತ್ತುಕೊಂಡು ಹೋಗುತ್ತದೆ. ಆ ಕಣಗಳೇ ಮರಳು ಕಾಗದದ ಹಾಗೆ ಉಳಿದದ್ದನ್ನು ಉಜ್ಜುತ್ತವೆ. ಹಳೆಯ ಕಾಲದಲ್ಲಿ ಇದನ್ನು ತಡೆದದ್ದು ಪೆಟ್ರೋಲ್‌ನಲ್ಲಿದ್ದ ಸೀಸ. 1921ರಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿ ಎಂಜಿನ್‌ನ ನಾಕಿಂಗ್ ನಿಲ್ಲಿಸಲು ಸೀಸದ ಸಂಯುಕ್ತ ಕಂಡುಕೊಂಡರು. ಅದು ಉರಿದಾಗ ಉಳಿಯುವ ಸೀಸದ ಉಪ್ಪು ಸೀಟಿನ ಮೇಲೆ ತೆಳು ಪದರವಾಗಿ ಕೂರುತ್ತಿತ್ತು. ವಾಲ್ವ್‌ಗೂ ಸೀಟಿಗೂ ನಡುವೆ ಪುಡಿ ಹಾಕಿದ ಹಾಗೆ. ಹಾಗಾಗಿ ಮೆದು ಕಬ್ಬಿಣದ ಸೀಟೇ ಸಾಕಾಗುತ್ತಿತ್ತು. ಊರಿನ ಮಕ್ಕಳೆಲ್ಲ ಆ ಸೀಸವನ್ನು ಉಸಿರಾಡಿದ್ದು ಬೇರೆ ಕಥೆ, ಸಣ್ಣ ಕಥೆಯೇನೂ ಅಲ್ಲ.

ಎರಡನೆಯದು ಕ್ಯಾಮ್, ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳಿರುವ ದಂಡ. ಹಳೆಯ 350ರಲ್ಲಿ ಕ್ಯಾಮ್‌ನ ಉಬ್ಬಿನ ಮೇಲೆ ಚಪ್ಪಟೆ ಟ್ಯಾಪೆಟ್ ಜಾರುತ್ತಾ ಹೋಗುತ್ತದೆ, ಉಬ್ಬಿನ ಒತ್ತನ್ನು ವಾಲ್ವ್ ಕಡೆ ದಾಟಿಸುವ ತುಂಡು ಅದು. ಚಪ್ಪಟೆ ಅಂತ ಹೆಸರು ಅಷ್ಟೇ, ತಳ ಕೂದಲೆಳೆಯಷ್ಟು ಉಬ್ಬಿದೆ. ಕ್ಯಾಮ್‌ನ ಉಬ್ಬೂ ಒಂದಿಷ್ಟು ಓರೆ. ಇದರಿಂದ ಟ್ಯಾಪೆಟ್ ಮೇಲೆ ಕೆಳಗೆ ಹೋಗುತ್ತಲೇ ತನ್ನ ಸುತ್ತ ತಿರುಗುತ್ತದೆ. ತಿರುಗಿದರೆ ಬದುಕುತ್ತದೆ, ನಿಂತರೆ ಸವೆದು ಹೋಗುತ್ತದೆ. ಸಾಸಿವೆಯಷ್ಟು ಜಾಗದ ಮೇಲೆ ವಾಲ್ವ್ ಮುಚ್ಚುವ ಸ್ಪ್ರಿಂಗ್‌ನ ಇಡೀ ಒತ್ತಡ. ಅಲ್ಲಿ ಎಣ್ಣೆ ಒಂದೇ ಸಾಲದು. ಎಣ್ಣೆಯಲ್ಲಿದ್ದ ಸತು ಮತ್ತು ರಂಜಕದ ಸಂಯುಕ್ತ ಲೋಹದ ಮೇಲೆ ಪೊರೆ ಕಟ್ಟಿ, ಲೋಹದ ಬದಲು ತಾನೇ ಸವೆಯುತ್ತಿತ್ತು.

ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. 1975ರಿಂದ ಅಮೆರಿಕದ ಕಾರುಗಳಲ್ಲಿ ಹೊಗೆ ಕೊಳವೆಯ ದಾರಿಯಲ್ಲಿ ಕೂತ ಜೇನುಗೂಡಿನಂಥ ಡಬ್ಬಿ. ಅದರಲ್ಲಿ ಪ್ಲಾಟಿನಂನಂಥ ಲೋಹದ ಲೇಪ ಇರುತ್ತದೆ. ಸೀಸ ಬಿದ್ದರೆ ಆ ಲೇಪ ಮುಚ್ಚಿಹೋಗುತ್ತದೆ. ರಂಜಕ ಬಿದ್ದರೂ ನಿಧಾನಕ್ಕೆ ಕೆಡುತ್ತದೆ. ಅದಕ್ಕೇ ಸೀಸ ಹಂತಹಂತವಾಗಿ ಹೋಯಿತು, 1996ರಲ್ಲಿ ಅಮೆರಿಕದ ರಸ್ತೆಗಳಿಂದ ಪೂರ್ತಿ ನಿಷೇಧ. ಎಣ್ಣೆಯಲ್ಲಿ ರಂಜಕಕ್ಕೂ ಮಿತಿ ಬಂತು. ಕಮಾರೊದಲ್ಲಿ ಆ ಡಬ್ಬಿ ಇಲ್ಲ. ಕ್ಯಾಲಿಫೋರ್ನಿಯದಂಥ ಕಟ್ಟುನಿಟ್ಟಿನ ರಾಜ್ಯ ಕೂಡ 1975ರವರೆಗಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಕೇಳುವುದಿಲ್ಲ. ಆದರೆ ಬಂಕ್‌ನಲ್ಲಿ ಸಿಗುವ ಪೆಟ್ರೋಲ್, ಅಂಗಡಿಯಲ್ಲಿ ಸಿಗುವ ಎಣ್ಣೆ ಎಲ್ಲರಿಗೂ ಒಂದೇ ತಾನೆ? ಅದಕ್ಕೇ ಪೆಟ್ಟಿಗೆಯ 350ರಲ್ಲಿ ಗಟ್ಟಿ ಲೋಹದ ವಾಲ್ವ್ ಸೀಟ್ ಇದೆ. ಟ್ಯಾಪೆಟ್ ಜಾರುವುದಿಲ್ಲ, ತುದಿಯಲ್ಲಿ ಪುಟ್ಟ ಉರುಳೆ ಇದ್ದು ಉರುಳುತ್ತದೆ. ಶೆವ್ರೊಲೆ ತನ್ನ ಕಾರುಗಳಲ್ಲಿ 1987ರಿಂದ ತಂದ ರೋಲರ್ ಕ್ಯಾಮ್ ಇದು.

ಈಗ ಎಡವಟ್ಟಿನ ವಿಷಯ. ಯಜಮಾನರು ಹಳೆಯ ಎಂಜಿನ್‌ನ ಫ್ಲೆಕ್ಸ್‌ಪ್ಲೇಟನ್ನು ಒರೆಸಿ ಇಟ್ಟುಕೊಂಡಿದ್ದರು. ಕ್ರ್ಯಾಂಕ್‌ನ ಹಿಂದೆ ಕೂತು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಎಂಜಿನ್ ಜೋಡಿಸುವ ತಟ್ಟೆ ಅದು. ಹಚ್ಚಲು ಹೋದರೆ ಬೋಲ್ಟ್ ತೂತುಗಳೇ ಹೊಂದಲಿಲ್ಲ. 1986ರಲ್ಲಿ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನಿಂದ ಒಂದೇ ತುಂಡಾಯಿತು. ಸೋರುವುದು ಕಡಿಮೆಯಾಯಿತು, ಒಳ್ಳೆಯದೇ. ಆದರೆ ಅದಕ್ಕಾಗಿ ಕ್ರ್ಯಾಂಕ್‌ನ ತುದಿಯನ್ನು ಗುಂಡಗೆ ಮಾಡಿದರು. ಮೊದಲು ಆ ತುದಿಯಲ್ಲಿ ಒಂದು ಕಡೆ ಉಬ್ಬಿಕೊಂಡಿದ್ದ ತೂಕ ಫ್ಲೆಕ್ಸ್‌ಪ್ಲೇಟ್ ಮೇಲೆ ಬಂತು. ಅಂದರೆ ಹೊಸ ಎಂಜಿನ್‌ಗೆ ಬೇಕಾದ ತಟ್ಟೆ ಸಮತೂಕದ್ದಲ್ಲ, ಬೇಕಂತಲೇ ಒಂದು ಕಡೆ ಭಾರವಿರುವುದು. ಮಾರಿದವರು ಈ ಮಾತು ಎತ್ತಿರಲಿಲ್ಲ. ತೂತು ಹೊಂದದೇ ಇದ್ದದ್ದೇ ಪುಣ್ಯ. ಬೋಲ್ಟ್ ಸರಿಯಿದ್ದು ತೂಕ ತಪ್ಪಿದ ತಟ್ಟೆ ಹಾಕಿಕೊಂಡವರ ಕಾರು ನಡುಗಿ ನಡುಗಿ ಬೇರಿಂಗ್ ತಿಂದುಹಾಕುತ್ತದೆ. ಹೊಸ ತಟ್ಟೆಗೆ ಇನ್ನೊಂದು ವಾರ ಕಾದರು.

ಕುದುರೆಶಕ್ತಿಯ ಬಗ್ಗೆ ಒಂದು ಮಾತು. 1971ರಲ್ಲಿ ಶೆವ್ರೊಲೆಯ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನ ಮೂಲ 350ಕ್ಕೆ 270 ಅಂತ ಬರೆದಿದ್ದರು, 1972ರಲ್ಲಿ 200. ಎಂಜಿನ್ ಸೊರಗಲಿಲ್ಲ, ಅಳೆಯುವ ಕ್ರಮ ಬದಲಾಯಿತು. ಮೊದಲು ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಯಾವುದೂ ಇಲ್ಲದೆ ಬರಿಮೈಯಲ್ಲಿ ಅಳೆಯುತ್ತಿದ್ದರು. ಆಮೇಲೆ ಎಲ್ಲ ತೊಡಿಸಿ ಅಳೆದರು. ಹಾಗಾಗಿ ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಹಿಗ್ಗುವ ಮೊದಲು, ಏನೇನು ಹಾಕಿ ಅಳೆದರು ಅಂತ ಕೇಳಬೇಕು. ಇಷ್ಟಕ್ಕೂ ದೊಡ್ಡ ಸಂಖ್ಯೆ ಬೇಕಾದವರಿಗೆ ಕೊರತೆಯಿಲ್ಲ. 2021ರಲ್ಲಿ ಶೆವ್ರೊಲೆ 632 ಘನ ಅಂಗುಲದ ಕ್ರೇಟ್ ಎಂಜಿನ್ ತಂದಿತು, 1,004 ಕುದುರೆಶಕ್ತಿ, ಟರ್ಬೊ ಕೂಡ ಇಲ್ಲ. ಅದನ್ನು 1969ರ ಡ್ರಮ್ ಬ್ರೇಕ್ ಕಾರಿಗೆ ಹಾಕುವವರ ಧೈರ್ಯಕ್ಕೆ ಕೈಮುಗಿಯಬೇಕು. ಎಲ್‌ಎಸ್ ಹಾಕುವವರೇ ಈಗ ಜಾಸ್ತಿ. ಹಗುರ, ಮೈಲೇಜ್ ಚೆನ್ನಾಗಿದೆ. ಆದರೆ ಕಾರ್ಬ್ಯುರೇಟರ್‌ಗೆ ಸಾಕಾಗುವ ಪೆಟ್ರೋಲ್ ಒತ್ತಡದ ಹತ್ತುಪಟ್ಟು ಅದಕ್ಕೆ ಬೇಕು. ಪಂಪ್, ಪೈಪ್, ವೈರಿಂಗ್, ಕಂಪ್ಯೂಟರ್ ಎಲ್ಲ ಹೊಸದು. ಯಜಮಾನರಿಗೆ ಅದು ಬೇಡವಾಗಿತ್ತು.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ನಾನೂ ಹೋಗಿದ್ದೆ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಎಂಜಿನ್‌ನ ಬೇರಿಂಗ್‌ಗಳಲ್ಲಿ ಎಣ್ಣೆ ಇರುವುದಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಮೊದಲ ಕೆಲವು ಸೆಕೆಂಡ್ ಲೋಹಕ್ಕೆ ಲೋಹ ಉಜ್ಜುತ್ತದೆ. ಈ ಎಂಜಿನ್‌ನಲ್ಲಿ ಆಯಿಲ್ ಪಂಪ್ ತಿರುಗಿಸುವುದು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ದಂಡ. ಅವರು ಡಿಸ್ಟ್ರಿಬ್ಯೂಟರ್ ಎತ್ತಿ, ಆ ತೂತಿಗೆ ಉದ್ದನೆಯ ಸರಳು ಇಳಿಸಿ, ಮೇಲಿನ ತುದಿಗೆ ಕೈ ಡ್ರಿಲ್ ಸಿಕ್ಕಿಸಿದರು. ಮೊದಲು ಡ್ರಿಲ್ ಹಗುರವಾಗಿ ತಿರುಗಿತು. ಆಮೇಲೆ ಗೊರಗೊರ ಅಂತ ಭಾರವಾಯಿತು, ಪಂಪ್ ಎಣ್ಣೆ ಹಿಡಿದಿತ್ತು. ಅವರ ಹೆಂಡತಿ ಸ್ಪ್ಯಾನರ್ ಹಿಡಿದು ಕ್ರ್ಯಾಂಕ್ ಅನ್ನು ನಿಧಾನ ತಿರುಗಿಸುತ್ತಿದ್ದರು. ವಾಲ್ವ್ ಕವರ್ ತೆಗೆದಿಟ್ಟ ಕಡೆ ವಾಲ್ವ್ ಒತ್ತುವ ಒಂದೊಂದೇ ರಾಕರ್‌ನ ಮೇಲೆ ಜೇನಿನ ಬಣ್ಣದ ಎಣ್ಣೆ ಜಿನುಗಿತು. ಹದಿನಾರೂ ಒದ್ದೆಯಾದ ಮೇಲೆಯೇ ಡ್ರಿಲ್ ನಿಂತಿದ್ದು.

ಪ್ಲಗ್ ವೈರ್ ಹಾಕುವಾಗ ಅವರು ಮಗ್ಗಿ ಹೇಳುವ ಹಾಗೆ ಗುನುಗುತ್ತಿದ್ದರು: ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು. ಕಿಡಿ ಹಾರುವ ಸರದಿ. ಹಳೆಯ ಎಂಜಿನ್‌ಗೂ ಇದೇ ಸರದಿ, ಪೆಟ್ಟಿಗೆಯದಕ್ಕೂ ಇದೇ. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಗ್ಯಾರೇಜಿನ ಕಿಟಕಿ ಗಾಜು ಗಡಗಡ ಅಂದಿತು.

ಹಳೆಯ ಎಂಜಿನ್ ಯಾಕೆ ಬಿಡಲಿಲ್ಲ ಅಂದೆನಲ್ಲ. ಅದರ ಬಲಗಡೆ ಹೆಡ್ ಕೂರುವ ಜಾಗದ ಮುಂದೆ ಬೆರಳಗಲದ ಸಮತಟ್ಟು ಪಟ್ಟಿಯಿದೆ. ಅದರ ಮೇಲೆ ಅಚ್ಚೊತ್ತಿದ ಅಕ್ಷರ, ಅಂಕಿಗಳಿವೆ. ಮೊದಲ ಅಕ್ಷರ ವಿ, ಅಂದರೆ ಮಿಷಿಗನ್‌ನ ಫ್ಲಿಂಟ್ ಊರಿನ ಕಾರ್ಖಾನೆ. ಆಮೇಲೆ ತಯಾರಾದ ತಿಂಗಳು, ದಿನ. ಪಕ್ಕದಲ್ಲೇ ಆ ಕಾರಿನ ಚಾಸಿ ನಂಬರಿನ ಕೊನೆಯ ಅಂಕಿಗಳು. ಎರಡೂ ಹೊಂದಿದರೆ ಕಾರಿನ ಬೆಲೆಯೇ ಬೇರೆ. ಹೊಸ ಎಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ಆ ಅಂಕಿ ಅದಕ್ಕೆ ಬರುವುದಿಲ್ಲ. ಯಜಮಾನರು ಹಳೆಯ ಬ್ಲಾಕ್‌ಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಸುತ್ತಿ, ಹೊಸದು ಬಂದಿದ್ದ ಪೆಟ್ಟಿಗೆಯಲ್ಲೇ ಇಟ್ಟು ಮೇಲಿನ ಹಲಗೆಗೆ ಮೊಳೆ ಹೊಡೆದರು.