ಪದ ಪರಿಚಯ: ಸ್ಟಾರ್ಟಿಂಗ್ ಪಿಚಿಂಗ್ ಡೆಪ್ತ್

ಬೇಸ್‌ಬಾಲ್ ಪಂದ್ಯದ ಮೊದಲ ಚೆಂಡು ಎಸೆದು, ಆಮೇಲೆ ಪಂದ್ಯದ ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಐದಾರರ ಭಾರ ಹೊರುವವನು ಸ್ಟಾರ್ಟಿಂಗ್ ಪಿಚರ್. ಎಲ್ಲರ ಬಾಯಲ್ಲೂ ಅವನು ಸ್ಟಾರ್ಟರ್. ತೊಂಬತ್ತು, ನೂರು ಸಲ ಜೋರಾಗಿ ಎಸೆದ ಕೈಗೆ ನಾಲ್ಕೈದು ದಿನ ಬಿಡುವು ಬೇಕೇ ಬೇಕು. ಅದಕ್ಕೇ ಅಮೆರಿಕದ ಮೇಜರ್ ಲೀಗ್ ತಂಡಗಳು ಸಾಮಾನ್ಯವಾಗಿ ಐವರನ್ನು ಸರದಿಯಲ್ಲಿ ಆಡಿಸುತ್ತವೆ; ಈ ಸರದಿಯೇ ರೊಟೇಷನ್. ಒಂದು ಋತುವಿಗೆ 162 ಪಂದ್ಯ. ಐವರಲ್ಲಿ ಒಬ್ಬನ ಮೊಣಕೈಯೋ ಭುಜವೋ ಕೈಕೊಟ್ಟಾಗ ಬರುವ ಆರನೆಯವನು, ಏಳನೆಯವನು, ಎಂಟನೆಯವನು ಎಷ್ಟು ಗಟ್ಟಿ ಎಂಬುದೇ ಡೆಪ್ತ್.

ಕ್ರಿಕೆಟ್ ನೋಡುವವರಿಗೆ ಬೆಂಚ್ ಸ್ಟ್ರೆಂತ್ ನೆನಪಾಗಬಹುದು. ಆದರೆ ಆರನೆಯ ಸ್ಟಾರ್ಟರ್ ಬೆಂಚಿನ ಮೇಲೆ ಕೂರುವಂತಿಲ್ಲ. ಕೂತರೆ ನೂರು ಎಸೆತದ ರೂಢಿ ತಪ್ಪಿಹೋಗುತ್ತದೆ, ಅದನ್ನು ಮತ್ತೆ ಗಳಿಸಲು ವಾರಗಳೇ ಬೇಕು. ಹಾಗಾಗಿ ಅವನು ಒಂದು ಮೆಟ್ಟಿಲು ಕೆಳಗಿನ ಟ್ರಿಪಲ್-ಎ ತಂಡದಲ್ಲಿ, ಬೇರೊಂದು ಊರಿನಲ್ಲಿ, ಸರದಿ ತಪ್ಪದೆ ಎಸೆಯುತ್ತಿರಬೇಕು. ಲಾಸ್ ಏಂಜಲೀಸ್ ಡಾಡ್ಜರ್ಸ್‌ನವರಿಗೆ ಆ ಊರು ಒಕ್ಲಹೋಮ ಸಿಟಿ.

ಹಾಗೆ ಕಳಿಸಲು ಅವನಲ್ಲಿ ‘ಆಪ್ಷನ್’ ಉಳಿದಿರಬೇಕು. ಮೇಜರ್ ಲೀಗ್ ತಂಡದ 40 ಜನರ ಪಟ್ಟಿಯಲ್ಲಿರುವವನನ್ನು ಸಾಮಾನ್ಯವಾಗಿ ಮೂರು ಋತುಗಳಲ್ಲಿ ಮಾತ್ರ ಕೆಳಗೆ ಕಳಿಸಬಹುದು. ಅದು ಮುಗಿದ ಮೇಲೆ ಕಳಿಸಹೋದರೆ ಬೇರೆ ತಂಡ ಅವನನ್ನು ಎತ್ತಿಕೊಂಡು ಹೋಗಬಹುದು. ಇಬ್ಬರು ಸಮಾನ ಪಿಚರ್‌ಗಳಲ್ಲಿ ಆಪ್ಷನ್ ಇರುವವನನ್ನು ಕೆಳಗೆ ಕಳಿಸಿ, ಇಲ್ಲದವನನ್ನು ಮೇಲೆ ಉಳಿಸಿಕೊಳ್ಳುವುದು ಇದಕ್ಕೇ. ನನಗೆ ಈ ಪದದೊಳಗೆ ತುಂಬ ಕಾಡುವುದು ಹೀಗೆ ಮೇಲೆ ಕೆಳಗೆ ಓಡಾಡುವ ಹುಡುಗನ ಪಾಡು. ಒಂದು ರಾತ್ರಿ ಚೆನ್ನಾಗಿಯೇ ಎಸೆದಿರುತ್ತಾನೆ. ಮರುದಿನ ತಂಡಕ್ಕೆ ದಣಿಯದ ಕೈ ಬೇಕು, ಇವನು ಪೆಟ್ಟಿಗೆ ಕಟ್ಟಬೇಕು. 2022ರಿಂದ ಇದಕ್ಕೊಂದು ಕಡಿವಾಣ ಬಿದ್ದಿದೆ: ಒಂದು ಋತುವಿನಲ್ಲಿ ಐದು ಸಲಕ್ಕಿಂತ ಹೆಚ್ಚು ಹೀಗೆ ಕಳಿಸುವಂತಿಲ್ಲ. ಈ ನಿಯಮ ಬಂದದ್ದು ಒಳ್ಳೆಯದಾಯಿತು.

2003ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 162 ಪಂದ್ಯಗಳನ್ನೂ ಅದೇ ಐವರಿಂದ ಶುರುಮಾಡಿಸಿ ಮುಗಿಸಿತು. ಅಂಥ ಅದೃಷ್ಟವನ್ನು ನಂಬಿ ಯಾವ ತಂಡವೂ ಲೆಕ್ಕ ಹಾಕಲಾರದು.

2024ರ ಡಾಡ್ಜರ್ಸ್ ನೋಡಿ. ಪಿಚರೂ ಬ್ಯಾಟರೂ ಆದ ಶೋಹೇ ಒಹ್ತಾನಿ ಮೊಣಕೈ ಶಸ್ತ್ರಚಿಕಿತ್ಸೆಯಾಗಿದ್ದರಿಂದ ಆ ವರ್ಷ ಬ್ಯಾಟ್ ಮಾತ್ರ ಹಿಡಿದರು. ಟೈಲರ್ ಗ್ಲಾಸ್ನೌ, ಕ್ಲೇಟನ್ ಕರ್ಷಾ, ತಂಡದಲ್ಲಿ ಅತಿ ಹೆಚ್ಚು, 25 ಪಂದ್ಯ ಶುರುಮಾಡಿದ್ದ ಗ್ಯಾವಿನ್ ಸ್ಟೋನ್, ಗಾಯದಿಂದಾಗಿ ಯಾರೂ ಅಕ್ಟೋಬರ್‌ನ ನಾಕೌಟ್ ಸರಣಿಗಳಿಗೆ ಉಳಿಯಲಿಲ್ಲ. ಕೈಯಲ್ಲಿದ್ದವರು ಮೂವರು: ಯೋಶಿನೊಬು ಯಮಮೊಟೊ, ವಾಕರ್ ಬ್ಯೂಲರ್, ಜುಲೈ ಕೊನೆಗೆ ಡೆಟ್ರಾಯಿಟ್‌ನಿಂದ ತಂದ ಜ್ಯಾಕ್ ಫ್ಲಾಹರ್ಟಿ. ನಾಲ್ಕನೆಯವನ ದಿನ ಬಂದಾಗ ‘ಬುಲ್‌ಪೆನ್ ಗೇಮ್’, ಅಂದರೆ ಬುಲ್‌ಪೆನ್ ಎಂಬ ಬದಲಿ ಪಿಚರ್‌ಗಳ ಗುಂಪಿನಿಂದ ಒಂದೆರಡು ಇನ್ನಿಂಗ್ಸ್ ಎಸೆಯುವವರನ್ನೇ ಒಬ್ಬರ ಹಿಂದೆ ಒಬ್ಬರಂತೆ ಇಳಿಸುವುದು. ಸ್ಯಾನ್ ಡಿಯಾಗೊ ಎದುರು ಎಂಟು ಮಂದಿ ಸೇರಿ ಒಂದು ರನ್ನನ್ನೂ ಬಿಡದೆ ಗೆಲ್ಲಿಸಿದರು. ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಅದೇ ಉಪಾಯ 11-4ರ ಸೋಲು ತಂದಿತು. ಐದನೇ ಪಂದ್ಯದಲ್ಲಿ ಫ್ಲಾಹರ್ಟಿ ಎರಡನೇ ಇನ್ನಿಂಗ್ಸ್‌ನಲ್ಲೇ ಹೊರಬಿದ್ದರು, ಬುಲ್‌ಪೆನ್ ಬರಿದಾಗುತ್ತ ಬಂತು. ಒಂಬತ್ತನೇ ಇನ್ನಿಂಗ್ಸ್‌ಗೆ ಚೆಂಡು ಹಿಡಿದು ಬಂದದ್ದು ಎರಡು ದಿನ ಹಿಂದಷ್ಟೇ ಮೂರನೇ ಪಂದ್ಯ ಶುರುಮಾಡಿದ್ದ ಬ್ಯೂಲರ್. ಕೊನೆಯ ಔಟ್ ಪಡೆದು ಸರಣಿ ಗೆಲ್ಲಿಸಿದವರು ಅವರೇ.